ಬಳಿದಷ್ಟೂ ಮೂಡುವ ಕಲೆ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಶಾಲೆ ಶುರುವಾಗುವುದಕ್ಕೂ ಮಳೆ ಶುರುವಾಗುವುದಕ್ಕೂ ಹೆಚ್ಚು ದಿನಗಳ ಅಂತರವಿರುವುದಿಲ್ಲ. ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಮುಗಿಯುವ ಹೊತ್ತಿಗೆ ಮೃಗಶಿರಾ ಮಳೆ ಅಂಗಳಕ್ಕಿಳಿದಿರುತ್ತದೆ. ಅದು ಮುಗಿಯಿತೆನ್ನುವಾಗ ಆರಿದ್ರಾ. ಅಷ್ಟರಲ್ಲಿ ತಾರಸಿ ಮನೆಯ ಒಳಗೆ, ಮಕ್ಕಳು ಓದುವ ಮೇಜಿನ ನೇರಕ್ಕೋ ಮಂಚದ ನೇರಕ್ಕೋ, ಕಳೆದ ದೀಪಾವಳಿಗೆ ಬಿಳಿ ಬಣ್ಣ ಬಳಿಸಿದ್ದ ಚಾವಣಿಯಲ್ಲಿ ಚಹಾ ಚೆಲ್ಲಿದಂತೆ ಒಂದು ಕಂದು ಕಲೆ ಮೂಡುತ್ತದೆ. ಹೊಸ ಕಲೆಯಲ್ಲ, ಹೋದ ವರ್ಷ ಇದ್ದದ್ದೇ. ಅದೇ ಜಾಗ, ಹೆಚ್ಚುಕಡಿಮೆ ಅದೇ ಆಕಾರ. ಅಂಗೈಯಗಲ ಮಾತ್ರ ದೊಡ್ಡದಾಗಿದೆ.

ಆಮೇಲೆ ಮನೆಯಲ್ಲಿ ನಡೆಯುವ ವಿಚಾರಣೆಯೂ ಪ್ರತಿವರ್ಷದ್ದೇ. ಅಪ್ಪ ಬಣ್ಣದವನನ್ನು ಬೈಯುತ್ತಾರೆ. ಬಣ್ಣದವನು ಮೇಸ್ತ್ರಿಯ ಗಾರೆ ಸರಿಯಿಲ್ಲ ಎನ್ನುತ್ತಾನೆ. ಮೇಸ್ತ್ರಿ ಬಂದು ತಲೆಯೆತ್ತಿ ನೋಡಿ, "ಈ ಸಲದ ಮಳೆ ಹಾಗುಂಟು ರಾಯರೇ, ನಮ್ಮದೇನಿದೆ" ಎಂದು ಎಲೆಯಡಿಕೆ ಹಾಕಿಕೊಳ್ಳುತ್ತಾನೆ. "ಹೆಂಚಿನ ಮನೆ ಕೆಡವಬೇಡ ಅಂತ ಬಡಕೊಂಡೆ, ಯಾರು ಕೇಳಿದ್ರು?" ಎಂದು ಅಜ್ಜಿ ಒಳಗಿನಿಂದ ಕೂಗುತ್ತಾಳೆ. ಮಳೆಗಾಲ ಕಳೆಯುತ್ತದೆ, ದೀಪಾವಳಿ ಬರುತ್ತದೆ, ಇನ್ನೊಂದು ಡಬ್ಬ ಬಣ್ಣ ಬರುತ್ತದೆ. ಕಲೆ ಮುಚ್ಚಿಹೋಗುತ್ತದೆ. ಮುಂದಿನ ಆರಿದ್ರಾ ಮಳೆಯವರೆಗೆ.

ಈ ವಿಚಾರಣೆಯಲ್ಲಿ ಯಾರೂ ಮಾತನಾಡಿಸದೆ ಬಿಟ್ಟ ಸಾಕ್ಷಿಯೆಂದರೆ ಆ ಕಲೆಯೇ. ನೀರು ಎಲ್ಲಿಂದ ಬಂತು, ಯಾವಾಗ ಬಂತು, ಎಷ್ಟು ಸಲ ಬಂತು, ದಾರಿಯಲ್ಲಿ ಏನನ್ನು ಕರಗಿಸಿಕೊಂಡು ಬಂತು ಎಂಬುದೆಲ್ಲ ಅದರಲ್ಲಿದೆ. ಬಣ್ಣ ಬಳಿಯುವುದೆಂದರೆ ಆ ಸಾಕ್ಷಿಯ ಬಾಯಿ ಮುಚ್ಚಿಸಿದಂತೆ. ಅದನ್ನು ಓದಲು ಬೇಕಾದ ವಿದ್ಯೆ ಬಹಳ ದೊಡ್ಡದಲ್ಲ. ಮನೆಯಲ್ಲಿ ಎಂಟನೆಯಿಂದ ಹತ್ತನೆಯ ತರಗತಿಯವರೆಗೆ ಓದುವ ಮಕ್ಕಳಿದ್ದರೆ ಅವರ ವಿಜ್ಞಾನ ಮತ್ತು ಗಣಿತದ ಪುಸ್ತಕದಲ್ಲಿರುವಷ್ಟು ಸಾಕು.

ಮೊದಲು ಮೇಲೆ ಬೀಳುವ ನೀರಿನ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಹಾಗಾದರೆ 100 ಚದರ ಮೀಟರಿನ ತಾರಸಿಯ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಸುರಿದರೆ 10,000 ಲೀಟರ್, ತೂಕದಲ್ಲಿ 10 ಟನ್. ಮಲೆನಾಡಿನ ಮಳೆಗಾಲದಲ್ಲಿ ಒಂದೇ ದಿನಕ್ಕೆ 100 ಮಿಲಿಮೀಟರ್ ಬೀಳುವುದು ಅಪರೂಪದ ಸಂಗತಿಯೇನಲ್ಲ. ಘಟ್ಟದ ಅಂಚಿನಲ್ಲಿರುವ ಆಗುಂಬೆಯ ವಾರ್ಷಿಕ ಸರಾಸರಿ ಸುಮಾರು 7,600 ಮಿಲಿಮೀಟರ್, ಬೆಂಗಳೂರಿನದು ಸಾವಿರದೊಳಗೆ. ಆಗುಂಬೆಯ ಪಕ್ಕದಲ್ಲೇ ಇರುವ ಶೃಂಗೇರಿಗೆ ಈ ಮಳೆಯ ದೊಡ್ಡ ಪಾಲು ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸರಿದು ಕೊಪ್ಪಕ್ಕೆ ಬಂದರೆ ಸ್ವಲ್ಪ ಕಡಿಮೆ, ಇನ್ನೂ ಪೂರ್ವಕ್ಕೆ ಭದ್ರಾ ಹಿನ್ನೀರಿನ ದಂಡೆಯ ನರಸಿಂಹರಾಜಪುರಕ್ಕೆ ಹೋದರೆ ಮತ್ತೂ ಕಡಿಮೆ. ಮೂರು ಊರುಗಳ ನಡುವೆ ಬಸ್ಸಿನಲ್ಲಿ ಒಂದೆರಡು ಗಂಟೆಯ ದಾರಿಯಷ್ಟೇ, ಆದರೆ ಮನೆಯ ಮಾಡಿನ ಮೇಲೆ ಬೀಳುವ ನೀರಿನಲ್ಲಿ ಅಜಗಜಾಂತರ. ಬೆಂಗಳೂರಿನ ಮನೆಯ ನಕ್ಷೆ ತಂದು ಶೃಂಗೇರಿಯಲ್ಲಿ ಕಟ್ಟಿದವರ ಪಾಡು ಈ ಲೆಕ್ಕದಲ್ಲೇ ಗೊತ್ತಾಗುತ್ತದೆ.

ಹಿಂದಿನವರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿರಲಿಲ್ಲ, ಮಾಡಿನ ಇಳಿಜಾರಿನಲ್ಲಿ ಮಾಡಿದ್ದರು. ಸೋಗೆ ಮನೆಯಿರಲಿ, ನಾಡಹೆಂಚಿನ ಮನೆಯಿರಲಿ, ನೀರು ನಿಲ್ಲುವುದಕ್ಕೆ ಅವಕಾಶವೇ ಇರಲಿಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುವ ಹೆಂಚು ಬಂತು; ಕಾಲಕ್ರಮದಲ್ಲಿ ಅದು ಘಟ್ಟ ಹತ್ತಿ ಮಲೆನಾಡಿನ ಮನೆಗಳನ್ನೂ ಆವರಿಸಿತು. ಸುಟ್ಟ ಮಣ್ಣಿನ ಹೆಂಚು ಸ್ವಲ್ಪ ನೀರು ಹೀರುತ್ತದೆ, ನಿಜ. ಆದರೆ ಆ ನೀರು ಒಳಕ್ಕಿಳಿಯುವ ಮೊದಲೇ ಮೇಲಿನ ನೀರು ಸೂರಿನಿಂದ ಅಂಗಳಕ್ಕೆ ಬಿದ್ದು ಹೋಗಿರುತ್ತದೆ. ಕೊಪ್ಪದ ಕಡೆಯಿಂದ ಶಾಲಾ ಪ್ರವಾಸಕ್ಕೆ ಹೋಗುವ ಮಕ್ಕಳು ಹತ್ತಿರದ ಕುಪ್ಪಳಿಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಕುವೆಂಪು ಅವರ ಮನೆಯನ್ನು ನೋಡುತ್ತಾರೆ. ಮಾಡು ಎಷ್ಟು ಕಡಿದಾಗಿದೆ, ನಡುವಿನ ತೊಟ್ಟಿಯ ಕಡೆಗೆ ನೀರು ಹೇಗೆ ಇಳಿಯುತ್ತದೆ ಎಂಬುದನ್ನು ಅಲ್ಲಿ ನಿಂತು ಗಮನಿಸಬಹುದು. ನೀರು ಒಳಗೆ ಬರಲೇಬೇಕಾದರೆ ಅದಕ್ಕೊಂದು ಜಾಗ ಮಾಡಿಟ್ಟ ಮನೆ ಅದು.

ತಾರಸಿಯಲ್ಲಿ ಇಳಿಜಾರು ಹೆಸರಿಗೆ ಮಾತ್ರ. ಸಾಮಾನ್ಯವಾಗಿ ನೂರು ಅಡಿ ಉದ್ದಕ್ಕೆ ಒಂದು ಅಡಿ ಇಳಿಯುವಂತೆ ಗಾರೆ ಎಳೆಯುತ್ತಾರೆ. ಹತ್ತು ಅಡಿಗೆ ಲೆಕ್ಕ ಹಾಕಿದರೆ ಒಂದೂಕಾಲು ಅಂಗುಲವೂ ಇಲ್ಲ. ಗಾರೆಯಲ್ಲಿ ತುಸು ತಗ್ಗಾದರೂ ಅಲ್ಲಿ ನೀರು ನಿಲ್ಲುತ್ತದೆ. ಹೊರಹೋಗುವ ಕೊಳವೆಗೆ ನಾಲ್ಕು ಹಲಸಿನ ಎಲೆ ಅಡ್ಡ ಬಂದರೆ ಇಡೀ ತಾರಸಿಯೇ ಕೆರೆ. ಕಾಂಕ್ರೀಟು ಕಲ್ಲಿನಂತೆ ಕಂಡರೂ ಅದರಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ತುಂಬಾ ಇವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಈ ರಂಧ್ರಗಳಲ್ಲಿ ನೀರು ಕೆಳಕ್ಕೆ ಮಾತ್ರವಲ್ಲ, ಅಡ್ಡಕ್ಕೂ ಹರಿಯುತ್ತದೆ, ಸ್ವಲ್ಪ ಮೇಲಕ್ಕೂ ಏರುತ್ತದೆ. ಪಾಠದಲ್ಲಿ ಇದಕ್ಕೆ ಲೋಮನಾಳ ಕ್ರಿಯೆ ಎಂಬ ಹೆಸರಿದೆ. ರಂಧ್ರ ಸಣ್ಣದಾದಷ್ಟೂ ಸೆಳೆತ ಹೆಚ್ಚು.

ಜನ ಮೋಸ ಹೋಗುವುದು ಇಲ್ಲಿಯೇ. ಕಲೆ ಇರುವ ಜಾಗದ ನೇರ ಮೇಲೆ ತೂತು ಇದೆ ಎಂದುಕೊಂಡು ತಾರಸಿ ಹತ್ತಿ ಅಲ್ಲಿಗೆ ಸಿಮೆಂಟು ಮೆತ್ತುತ್ತಾರೆ. ನೀರಿಗೆ ಆ ನಿಯಮ ಗೊತ್ತಿಲ್ಲ. ಹೆಂಚಿನ ಮನೆಯಲ್ಲಿ ಒಡೆದ ಹೆಂಚಿನ ಕೆಳಗೆ ಇಳಿದ ಹನಿ ಮರದ ಅಡಿಮೈಗೆ ಅಂಟಿಕೊಂಡು ನಾಲ್ಕೈದು ಅಡಿ ಜಾರಿ, ಒಂದು ಮೊಳೆಯೋ ಗಂಟೋ ಅಡ್ಡ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಪಾತ್ರೆಯಿಂದ ಹಾಲನ್ನು ನಿಧಾನವಾಗಿ ಬಗ್ಗಿಸಿದರೆ ಲೋಟಕ್ಕೆ ಬೀಳದೆ ಪಾತ್ರೆಯ ಹೊರಮೈಗೆ ಅಂಟಿಕೊಂಡು ಹರಿಯುವುದಿಲ್ಲವೇ, ಇದೂ ಹಾಗೆಯೇ. ಹೆಂಚು ಕೈಯಾಡಿಸುವ ಅನುಭವಸ್ಥರು ಸೋರುವ ಜಾಗದಿಂದ ಮೇಲಕ್ಕೆ, ಕೋಳಿನ ಕಡೆಗೆ ಹುಡುಕುತ್ತಾ ಹೋಗುವುದು ಈ ಕಾರಣಕ್ಕೆ. ತಾರಸಿಯಲ್ಲಂತೂ ದಾರಿ ಇನ್ನೂ ಗೋಜಲು. ಮೇಲಿನ ಗಾರೆಗೂ ಕೆಳಗಿನ ಕಾಂಕ್ರೀಟಿಗೂ ನಡುವೆ ನೀರು ಹರಿದು ಎಲ್ಲೋ ಒಂದು ಬಿರುಕು ಸಿಕ್ಕಲ್ಲಿ ಇಳಿಯುತ್ತದೆ. ವಿದ್ಯುತ್ ತಂತಿಗಾಗಿ ಕಾಂಕ್ರೀಟಿನೊಳಗೆ ಹುಗಿದ ಪೈಪು ಸಿಕ್ಕರೆ ಅದೇ ರಾಜಮಾರ್ಗ. ಸುಸ್ಥಿತಿಯಲ್ಲಿರುವ ಚಾವಣಿಯ ನಡುಮಧ್ಯದಲ್ಲಿ ಫ್ಯಾನಿನ ಕೊಕ್ಕೆಯಿಂದಲೇ ನೀರು ತೊಟ್ಟಿಕ್ಕುವ ವಿಚಿತ್ರಕ್ಕೆ ಕಾರಣ ಇದು. ಅಂಥ ಕಡೆ ಮೊದಲು ಮಾಡಬೇಕಾದ ಕೆಲಸ ಬಕೆಟ್ ಇಡುವುದಲ್ಲ, ಮೈನ್ ಸ್ವಿಚ್ ಇಳಿಸುವುದು. ಒದ್ದೆ ಗೋಡೆಯ ಸ್ವಿಚ್ಚು ಮುಟ್ಟಬಾರದೆಂದು ಮಕ್ಕಳಿಗೆ ಹೇಳಿರಬೇಕು. 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿದುಬಿಡುವ ಸಾಧನಗಳು ಈಗ ಸಿಗುತ್ತವೆ; ಮಲೆನಾಡಿನ ತೇವದ ಮನೆಗಳಿಗೆ ಅದು ಷೋಕಿಯ ವಸ್ತುವಲ್ಲ.

ಹಾಗಾದರೆ ನೀರು ಒಳಹೊಕ್ಕ ಜಾಗ ಕಂಡುಹಿಡಿಯುವುದು ಹೇಗೆ? ಒಂದು ಪೆನ್ಸಿಲು, ಒಂದು ಟೇಪು, ಒಂದು ನೋಟುಪುಸ್ತಕ ಸಾಕು. ಕಲೆ ಕಾಣಿಸಿದ ಮೊದಲ ದಿನ ದೊಡ್ಡವರೊಬ್ಬರು ಏಣಿ ಹತ್ತಿ, ಇನ್ನೊಬ್ಬರು ಏಣಿ ಹಿಡಿದು, ಕಲೆಯ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಬೇಕು. ಮೇಜಿನ ಮೇಲೆ ಕುರ್ಚಿಯಿಟ್ಟು ಹತ್ತುವ ಸಾಹಸ ಬೇಡ. ಕಲೆ ಗೆರೆ ದಾಟಿದಾಗ ಇನ್ನೊಂದು ಗೆರೆ, ಇನ್ನೊಂದು ತಾರೀಕು. ಅಜ್ಜ ಇದ್ದರೆ ತಾರೀಕಿನ ಬದಲು ಪುನರ್ವಸು, ಪುಷ್ಯ, ಆಶ್ಲೇಷ ಎಂದು ಬರೆಸಬಹುದು. ಎರಡು ವಾರಕ್ಕೊಂದು ಹೆಸರಿರುವ ಆ ಪಂಚಾಂಗದ ಮಳೆಲೆಕ್ಕ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೂ ತಪ್ಪಿಲ್ಲ. ಆದರೆ ಗೆರೆ ಕಣ್ಣೆದುರೇ ಇರುತ್ತದೆ, ಫೋಟೋ ಹುಡುಕಬೇಕಾಗುತ್ತದೆ.

ಜೊತೆಗೆ ಅಂಗಳದ ಬಯಲಲ್ಲಿ, ಸೂರಿನ ನೀರು ಸಿಡಿಯದಷ್ಟು ದೂರದಲ್ಲಿ ನೇರ ಗೋಡೆಯ ಒಂದು ಡಬ್ಬ ಇಟ್ಟು ದಿನಾ ಬೆಳಿಗ್ಗೆ ಸ್ಕೇಲಿನಿಂದ ಅಳೆದರೆ ಅದೇ ಮಳೆಮಾಪಕ. ಡಬ್ಬದ ಬಾಯಿ ಎಷ್ಟು ಅಗಲವಿದ್ದರೂ ಅಳತೆ ಒಂದೇ ಬರುತ್ತದೆ. ಯಾಕೆ ಎಂಬುದನ್ನು ಮಕ್ಕಳೇ ಯೋಚಿಸಲಿ. ಒಂದು ಕಾಲಮ್ಮಿನಲ್ಲಿ ಮಳೆ, ಇನ್ನೊಂದರಲ್ಲಿ ಕಲೆಯ ಅಗಲ, ಮೂರನೆಯದರಲ್ಲಿ ಮುಟ್ಟಿ ನೋಡಿದಾಗ ಒದ್ದೆಯೋ ಒಣಗಿತ್ತೋ. ಮೂರು ವಾರ ಹೀಗೆ ಬರೆದರೆ ಮನೆಯ ವಿಚಾರಣೆ ಅರ್ಧ ಮುಗಿದಂತೆ. ಜೋರು ಮಳೆ ಬಂದು ಅರ್ಧ ಗಂಟೆಯಲ್ಲೇ ಕಲೆ ಒದ್ದೆಯಾದರೆ ಎಲ್ಲೋ ತೆರೆದ ಬಿರುಕಿದೆ, ಇಲ್ಲವೇ ಕೊಳವೆಯ ಬುಡದಲ್ಲಿ ಸಂದಿಯಿದೆ. ಮಳೆ ಬಂದು ಒಂದೆರಡು ದಿನ ಕಳೆದ ಮೇಲೆ ಕಲೆ ಬೆಳೆದರೆ ನಿಂತ ನೀರು ನಿಧಾನವಾಗಿ ಒಸರುತ್ತಿದೆ. ಪಶ್ಚಿಮದ ಗಾಳಿಯೊಂದಿಗೆ ಬಂದ ಮಳೆಗೆ ಮಾತ್ರ ಮೂಡುವುದಾದರೆ ತಪ್ಪು ತಾರಸಿಯದಲ್ಲ, ಆ ದಿಕ್ಕಿನ ಗೋಡೆಯದೋ ಸಜ್ಜೆಯದೋ. ಸಜ್ಜೆಯ ಅಡಿಯಲ್ಲಿ ಅಂಚಿನುದ್ದಕ್ಕೂ ಬೆರಳಗಲದ ಒಂದು ಗೆರೆ ಕೊರೆದಿರಬೇಕು. ಅಡಿಮೈಗೆ ಅಂಟಿ ಗೋಡೆಯ ಕಡೆಗೆ ಜಾರುವ ಹನಿ ಆ ಗೆರೆ ದಾಟಲಾರದೆ ಕೆಳಗೆ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಮೇಸ್ತ್ರಿ ಅದನ್ನು ಮರೆತಿರುತ್ತಾನೆ. ಕಟ್ಟಿಸುವವರೂ ಕೇಳಿರುವುದಿಲ್ಲ.

ವಾರವಿಡೀ ಹೊಳವಾದರೂ ಕಲೆ ಒಣಗದಿದ್ದರೆ ಮಳೆಯನ್ನು ದೂಷಿಸುವುದು ಬಿಟ್ಟು ನಲ್ಲಿ, ಟ್ಯಾಂಕು, ಮೇಲಂತಸ್ತಿನ ಬಚ್ಚಲಿನ ಕಡೆ ನೋಡಬೇಕು. ಬಚ್ಚಲಿನ ಮೇಲೆ ಅನುಮಾನವಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ ಸುರಿದು ಕೆಳಗೆ ನೀಲಿ ಛಾಯೆ ಬರುತ್ತದೆಯೇ ಎಂದು ಎರಡು ದಿನ ಕಾಯಬಹುದು. ಮಾಘದ ಚಳಿಯಲ್ಲಿ ಮಳೆಯೂ ಇಲ್ಲದೆ ನಲ್ಲಿಯೂ ಇಲ್ಲದೆ ತಗಡಿನ ಮಾಡಿನಿಂದ ಮುಂಜಾನೆ ಹನಿ ಬೀಳುತ್ತದೆಂದು ಕೆಲವರು ತೂತು ಹುಡುಕುತ್ತಾರೆ. ತೂತು ಇಲ್ಲ. ರಾತ್ರಿ ತಣ್ಣಗಾದ ತಗಡಿನ ಅಡಿಮೈಗೆ ಒಳಗಿನ ಗಾಳಿಯ ಆವಿ ತಗುಲಿ ನೀರಾಗಿದೆ. ತಣ್ಣೀರಿನ ಚೊಂಬಿನ ಹೊರಮೈ ಬೆವರುವುದೂ ಇದೇ. ಅದಕ್ಕೆ ಮದ್ದು ಗಾಳಿಯಾಡುವಂತೆ ಮಾಡುವುದು.

ಇನ್ನು ಟೇಪಿನ ಕೆಲಸ. ಕಲೆಯ ಮಧ್ಯಬಿಂದು ಕೋಣೆಯ ಒಂದು ಗೋಡೆಯಿಂದ ಎಷ್ಟು ದೂರ, ಅದಕ್ಕೆ ಲಂಬವಾದ ಇನ್ನೊಂದು ಗೋಡೆಯಿಂದ ಎಷ್ಟು ದೂರ ಎಂದು ಅಳೆದರೆ ಗ್ರಾಫ್ ಹಾಳೆಯ ಎರಡು ನಿರ್ದೇಶಾಂಕ ಸಿಕ್ಕಂತೆ. ಆ ಎರಡೂ ಹೊರಗೋಡೆಗಳಾಗಿದ್ದರೆ ತಾರಸಿಯ ಮೇಲೆ ಅದೇ ಬಿಂದು ಗುರುತಿಸುವುದು ಸುಲಭ. ಗೋಡೆಯ ದಪ್ಪ ಸೇರಿಸುವುದನ್ನು ಮರೆಯಬಾರದು. ಜಂಬಿಟ್ಟಿಗೆಯ ಗೋಡೆಯಾದರೆ ಆ ದಪ್ಪವೇ ಮುಕ್ಕಾಲು ಅಡಿ, ಕೆಲವೆಡೆ ಅದಕ್ಕೂ ಹೆಚ್ಚು. ಗುರುತಿನ ಸುತ್ತ ಏಳೆಂಟು ಅಡಿ, ಅದರಲ್ಲೂ ಇಳಿಜಾರಿನ ಎತ್ತರದ ಕಡೆಗೆ ಹೆಚ್ಚು ಗಮನ ಕೊಟ್ಟು ನೋಡಬೇಕು. ನೋಡಬೇಕಾದ ಜಾಗಗಳು ಬಹಳವಿಲ್ಲ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ನೀರು ಹೊರಹೋಗುವ ಕೊಳವೆಯ ಬುಡ, ಟ್ಯಾಂಕಿನ ಕಟ್ಟೆ, ಬಟ್ಟೆ ಒಣಹಾಕಲು ನೆಟ್ಟ ಕಬ್ಬಿಣದ ಕಂಬ, ಡಿಶ್ ಆಂಟೆನಾಕ್ಕೆಂದು ಹೊಡೆದ ಬೋಲ್ಟು. ಹಾವಸೆ ದಟ್ಟವಾಗಿ ಬೆಳೆದ ತಗ್ಗು ಕಂಡರೆ ಅಲ್ಲಿ ನೀರು ನಿಂತಿತ್ತು ಎಂದೇ ಅರ್ಥ. ಮಳೆಗಾಲದ ತಾರಸಿ ಜಾರುಬಂಡೆ; ಈ ತಪಾಸಣೆಗೆ ಮಕ್ಕಳು ಒಂಟಿಯಾಗಿ ಹತ್ತಬಾರದು.

ಕಲೆಯ ಬಣ್ಣವೂ ಮಾತನಾಡುತ್ತದೆ. ಸೌದೆ ಒಲೆಯ ಅಡಿಗೆಮನೆಯಲ್ಲಿ ಮಾಡಿನಿಂದ ಇಳಿದ ನೀರು ಇಲ್ಲಣ ಕರಗಿಸಿಕೊಂಡು ಕಪ್ಪಾಗಿರುತ್ತದೆ. ಮರದ ಮುಚ್ಚಿಗೆಯ ಮೂಲಕ ಬಂದದ್ದು ಮರದೊಳಗಿನ ಟ್ಯಾನಿನ್ ಹೊತ್ತು ಚೊಗರು ಕಂದು ಬಣ್ಣದ್ದು. ತಾರಸಿಯ ಕಲೆಯ ನಡುಭಾಗ ತಿಳಿಯಾಗಿದ್ದು ಅಂಚು ಮಾತ್ರ ಗಾಢವಾಗಿರುವುದನ್ನು ಎಲ್ಲರೂ ನೋಡಿದ್ದಾರೆ. ನೋಡಿದ್ದಾರೆ, ಆದರೆ ಯಾಕೆಂದು ಕೇಳಿದವರು ಕಡಿಮೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಹನಿ ಒಣಗಿದಾಗಲೂ ಹಾಗೆಯೇ ಅಂಚಿನಲ್ಲಿ ಉಂಗುರ ಉಳಿಯುತ್ತದೆ. ಇದಕ್ಕೆ ಸರಿಯಾದ ವಿವರಣೆ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಕೊಟ್ಟವರು ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಹನಿ ಒಳಕ್ಕೆ ಕುಗ್ಗಲಾರದು. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹರಿಯುವಾಗ ಕಾಫಿಯ ಕಣಗಳನ್ನೂ ಒಯ್ಯುತ್ತದೆ. ಚಾವಣಿಯ ಗಾರೆ ನಯವಾದ ಮೇಜಲ್ಲ, ನೀರು ಹೀರುವ ಪದಾರ್ಥ. ಆದರೂ ನಡೆಯುವ ಸಂಗತಿ ಇದರ ಸೋದರಸಂಬಂಧಿಯೇ. ಒದ್ದೆಯ ಗಡಿ ಎಲ್ಲಿ ನಿಂತು ಒಣಗಿತೋ ಅಲ್ಲಿ ಕೊಳೆ, ತುಕ್ಕು, ಉಪ್ಪು ಎಲ್ಲ ಉಳಿಯುತ್ತದೆ. ಒಂದರೊಳಗೊಂದು ಮೂರು ಉಂಗುರ ಇದ್ದರೆ ನೀರು ಬೇರೆ ಬೇರೆ ಸಲ ಬಂದು ಬೇರೆ ಬೇರೆ ಕಡೆ ನಿಂತಿತ್ತು ಎಂದು ತಿಳಿಯಬಹುದು.

ಕೆಲವು ಕಡೆ ಕಲೆ ಕಂದಲ್ಲ, ಬಿಳಿ. ಕೈಯಿಂದ ಒರೆಸಿದರೆ ಹಿಟ್ಟಿನಂತೆ ಉದುರುತ್ತದೆ. ಹಳೆಯ ಸೋರಿಕೆಯಾದರೆ ಬಿರುಕಿನ ಕೆಳಗೆ ಸಣ್ಣ ಬಿಳಿ ಕಡ್ಡಿಗಳು ಜೋತಾಡುತ್ತಿರುತ್ತವೆ. ಶಾಲೆಯ ಪ್ರಯೋಗಾಲಯದಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದಾಗ ಅದು ಹಾಲಾಗುವುದನ್ನು ಮಕ್ಕಳು ನೋಡಿರುತ್ತಾರೆ. ಚಾವಣಿಯಲ್ಲಿ ಆಗುತ್ತಿರುವುದೂ ಅದೇ. ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ನೀರು ಕರಗಿಸಿಕೊಂಡು ಬರುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಬಿಳಿ ಕಡ್ಡಿ ಜೋತಾಡುತ್ತಿದೆ ಎಂದರೆ ನೀರು ಒಂದು ಸಲ ಬಂದು ಹೋದದ್ದಲ್ಲ, ವರ್ಷಗಟ್ಟಲೆ ಕಾಂಕ್ರೀಟನ್ನು ತೊಳೆಯುತ್ತಿದೆ ಎಂದು ಅರ್ಥ.

ಎಲ್ಲಕ್ಕಿಂತ ಹೆದರಬೇಕಾದದ್ದು ಕೆಂಪು ಕಂದು ಬಣ್ಣದ ನೇರ ಗೆರೆ. ಅದರ ಹಿಂದೆ ಕಂಬಿಯಿದೆ. ಹೊಸ ಕಾಂಕ್ರೀಟು ಪ್ರಬಲ ಪ್ರತ್ಯಾಮ್ಲ, ಪಿಎಚ್ 12ರಿಂದ 13. ಅಷ್ಟಿರುವವರೆಗೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಈ ರಕ್ಷಣೆ ಕುಗ್ಗುತ್ತದೆ. ನೀರೂ ಸೇರಿದರೆ ತುಕ್ಕು ಶುರು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟಿನೊಳಗೆ ಆ ಜಾಗ ಎಲ್ಲಿದೆ? ಒಳಗಿನಿಂದಲೇ ಒತ್ತಿ ಒಡೆಯುತ್ತದೆ. ಒಂದು ರಾತ್ರಿ ಚಾವಣಿಯ ಗಾರೆ ಹೆಂಟೆಯಾಗಿ ಕೆಳಗೆ ಬೀಳುತ್ತದೆ. ಕೆಳಗೆ ಮಂಚವಿದ್ದರೆ, ಮಂಚದಲ್ಲಿ ಮಗು ಮಲಗಿದ್ದರೆ ಎಂಬುದನ್ನು ಹೇಳಬೇಕಾಗಿಲ್ಲ. ಕೋಲಿನ ತುದಿಯಿಂದ ಮೆಲ್ಲಗೆ ತಟ್ಟಿದಾಗ ತೆಂಗಿನಕಾಯಿಯಂತೆ ಪೊಳ್ಳು ಸದ್ದು ಬಂದರೆ, ಅಥವಾ ಗಾರೆ ಉಬ್ಬಿ ಬಿರಿದಿದ್ದರೆ, ಮಂಚ ಮೇಜುಗಳನ್ನು ಅಂದೇ ಸರಿಸಿ ಎಂಜಿನಿಯರನ್ನು ಕರೆಸಬೇಕು. ಅಲ್ಲಿಗೆ ಬಣ್ಣದವನ ಕೆಲಸ ಮುಗಿಯಿತು, ಪಟ್ಟಿ ಮೆತ್ತುವ ಮೇಸ್ತ್ರಿಯದೂ. ಮನೆಗೆ ಹೇಳಿದ್ದು ಶಾಲೆಯ ಕೊಠಡಿಗೂ ಅನ್ವಯಿಸುತ್ತದೆ. ಮಗು ಬಂದು ತರಗತಿಯ ಚಾವಣಿಯಲ್ಲಿ ಕಂಬಿ ಕಾಣುತ್ತಿದೆ ಎಂದರೆ ಪೋಷಕರು ಅದನ್ನು ಮಕ್ಕಳ ಮಾತೆಂದು ತಳ್ಳಿಹಾಕದೆ ಶಾಲೆಗೆ ಹೋಗಿ ನೋಡುವುದು ಒಳ್ಳೆಯದು.

ಬೂಷ್ಟಿನ ಮಾತು ಬೇರೆ. ಆಷಾಢ ಶ್ರಾವಣದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಸೀಮೆಯಲ್ಲಿ ಚಾವಣಿಯ ಕಪ್ಪು ಚುಕ್ಕೆಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಮಳೆಗಾಲವಿಡೀ ಕೆಮ್ಮುವ ಮಗುವಿನ ಹಾಸಿಗೆ ಯಾವ ಕಲೆಯ ಕೆಳಗಿದೆ ಎಂದು ಒಮ್ಮೆ ನೋಡುವುದರಲ್ಲಿ ನಷ್ಟವಿಲ್ಲ. ಬ್ಲೀಚಿಂಗ್ ಪುಡಿಯ ತಿಳಿನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಚುಕ್ಕೆ ಹೋಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಕಿಟಕಿ ತೆರೆದಿಟ್ಟು ಈ ಕೆಲಸ ಮಾಡಬೇಕು. ಇನ್ನೂ ಬೇಗ ಹೋಗಲೆಂದು ಅದರ ಜೊತೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ.

ಇನ್ನು ರಿಪೇರಿ. ಸೋರುವುದನ್ನು ಒಳಗಿನಿಂದ ನಿಲ್ಲಿಸಲು ಹೋಗುವುದು, ಕೊಡೆಯ ತೂತಿಗೆ ತಲೆಯ ಮೇಲೆ ಟವೆಲು ಹಾಕಿಕೊಂಡಂತೆ. ಒಳಗೆ ಮೆತ್ತಿದರೆ ನೀರು ಕಾಂಕ್ರೀಟಿನಲ್ಲೇ ಉಳಿದು ಇನ್ನೊಂದು ಕಡೆ ದಾರಿ ಹುಡುಕುತ್ತದೆ, ಕಂಬಿಗೂ ಕೆಡುಕು. ಮೊದಲು ಮೇಲಿನ ಕೆಲಸ, ಅದೂ ಪೂರ್ತಿ ಒಣಗಿದ ಮೇಲೆ, ಅಂದರೆ ಜನವರಿ ಕಳೆದ ನಂತರ. ಹಾವಸೆ ಕೆರೆದು, ತಗ್ಗುಗಳಿಗೆ ಗಾರೆ ತುಂಬಿ ಇಳಿಜಾರು ಸರಿಮಾಡಿ, ಪ್ಯಾರಾಪೆಟ್ ಮೂಲೆಗೆ ಗಾರೆಯನ್ನು ಗುಂಡಗೆ ಇಳಿಸಿ, ಬಿರುಕನ್ನು ಅಗಲಿಸಿ ತುಂಬಿ, ಆಮೇಲೆ ಜಲನಿರೋಧಕ ಲೇಪನ. ಈ ಕ್ರಮ ಬಿಟ್ಟು ಹಾವಸೆಯ ಮೇಲೇ ಲೇಪನ ಬಳಿದವರು ಹಣವನ್ನು ಹಾವಸೆಗೆ ಕೊಟ್ಟಂತೆ. ಮರುವರ್ಷ ಎರಡೂ ಒಟ್ಟಿಗೇ ಎದ್ದುಬರುತ್ತವೆ. ಕೆಲಸ ಮುಗಿದ ಮೇಲೆ ಕೊಳವೆ ಮುಚ್ಚಿ ಒಂದಂಗುಲ ನೀರು ಕಟ್ಟಿ ಒಂದು ದಿನ ಬಿಟ್ಟು ನೋಡುವ ಪದ್ಧತಿಯಿದೆ. ಅದೂ ಚದರ ಮೀಟರಿಗೆ 25 ಕಿಲೋ ಭಾರ. ಗಾರೆ ಉದುರುತ್ತಿರುವ ಹಳೆಯ ತಾರಸಿಯಲ್ಲಿ ಈ ಪರೀಕ್ಷೆ ಬೇಡ.

ಸೋರಿಕೆ ನಿಂತರೂ ಬಳಿದ ಬಿಳಿ ಬಣ್ಣದ ಮೇಲೆ ಕಲೆ ಮತ್ತೆ ಏಳುವುದುಂಟು. ಒಂದು ಕೈ, ಎರಡು ಕೈ, ಮೂರು ಕೈ ಬಳಿದರೂ ಹಳದಿಯಾಗಿ ಇಣುಕುತ್ತದೆ. ಬಣ್ಣ ಕಳಪೆಯೆಂದು ಅಂಗಡಿಯವನೊಡನೆ ಜಗಳವಾಗುವುದೂ ಉಂಟು. ಇಲ್ಲಿ ಅಂಗಡಿಯವನ ತಪ್ಪಿಲ್ಲ. ಕಲೆಯೊಳಗಿನ ಕಂದು ಪದಾರ್ಥವೇ ನೀರಿನಲ್ಲಿ ಕರಗುವಂಥದ್ದು. ಸುಣ್ಣ, ಡಿಸ್ಟೆಂಪರ್, ಈಗಿನ ಎಮಲ್ಷನ್ ಎಲ್ಲವೂ ನೀರಿನಲ್ಲಿ ಕಲಸಿದವು. ಹಸಿ ಬಣ್ಣದ ನೀರಿಗೆ ಕಲೆ ಮತ್ತೆ ಕರಗಿ, ಬಣ್ಣ ಒಣಗುವಾಗ ನೀರಿನ ಜೊತೆ ಮೇಲಕ್ಕೆ ಬಂದು ಕೂರುತ್ತದೆ. ಕಾಫಿಯ ಕಣಗಳು ಅಂಚಿಗೆ ಹೋದ ಹಾಗೆ. ಅದಕ್ಕಾಗಿ ಪೂರ್ತಿ ಒಣಗಿದ ಚಾವಣಿಗೆ ಮೊದಲು ಎಣ್ಣೆ ಆಧಾರಿತ ಪ್ರೈಮರ್ ಒಂದು ಕೈ ಕೊಟ್ಟು, ಅದು ಒಣಗಿದ ಮೇಲೆ ಬಣ್ಣ ಬಳಿಯಬೇಕು. ಬಿಳಿ ಉಪ್ಪು ಇದ್ದಲ್ಲಿ ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಬಂದ ದಾರಿಯಲ್ಲೇ ಒಳಗೆ ಹೋಗಿ ಕೂರುತ್ತದೆ. ದೀಪಾವಳಿಯ ಹೊತ್ತಿಗೆ ಮಲೆನಾಡಿನ ಗೋಡೆ ಮುಟ್ಟಲು ಒಣಗಿದಂತಿದ್ದರೂ ಒಳಗೆ ತೇವ ಉಳಿದೇ ಇರುತ್ತದೆ. ಹಬ್ಬಕ್ಕೆ ಮನೆ ಬೆಳ್ಳಗೆ ಕಾಣಬೇಕೆಂಬ ಆಸೆ ಸಹಜವೇ. ಆ ಒಂದು ಕೋಣೆಯನ್ನಾದರೂ ಬಿಡಬಹುದು.

ಈಚಿನ ವರ್ಷಗಳಲ್ಲಿ ಮೂರೂ ತಾಲ್ಲೂಕುಗಳಲ್ಲಿ ಜನ ಇನ್ನೊಂದು ದಾರಿ ಹಿಡಿದಿದ್ದಾರೆ. ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಎರಡು ಕಡೆ ಇಳಿಜಾರಾಗಿ ಬಣ್ಣದ ತಗಡು ಹೊದೆಸುವುದು. ಕೆಳಗೆ ಅಡಿಕೆ ಹರಡುತ್ತಾರೆ, ಬಟ್ಟೆ ಒಣಗಿಸುತ್ತಾರೆ, ಮಕ್ಕಳು ಆಡುತ್ತಾರೆ. ಹೆಂಚಿನ ಮಾಡು ಕೆಡವಿ ತಾರಸಿ ಕಟ್ಟಿ, ಮತ್ತೆ ತಾರಸಿಯ ಮೇಲೆ ಮಾಡು ಕಟ್ಟುವುದನ್ನು ಕಂಡು ಅಜ್ಜಿಯರು ನಗುತ್ತಾರೆ, ನಗಲಿ. ಖರ್ಚು ತಡೆದುಕೊಳ್ಳಬಲ್ಲವರಿಗೆ ಈ ಸೀಮೆಯಲ್ಲಿ ಇದಕ್ಕಿಂತ ಗಟ್ಟಿ ಉಪಾಯ ಕಾಣುವುದಿಲ್ಲ. ಆದರೆ ಇಲ್ಲಿಯೂ ಕಂಬದ ಬುಡಕ್ಕೆ ಹೊಡೆದ ಬೋಲ್ಟಿನ ತೂತು ಮುಚ್ಚಿರಬೇಕು, ತಗಡಿನ ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಒಡೆದಾಗ ಬದಲಾಯಿಸಬೇಕು, ಗಾಳಿಗೆ ಹಾರದಂತೆ ಕಟ್ಟು ಬಿಗಿಯಾಗಿರಬೇಕು, ದೋಣಿಯಲ್ಲಿ ತುಂಬಿದ ಎಲೆಯನ್ನು ಮಳೆಗೆ ಮುಂಚೆ ತೆಗೆದಿರಬೇಕು.

ಯಾವ ದಾರಿ ಹಿಡಿದರೂ ಚಾವಣಿಯ ಪೆನ್ಸಿಲ್ ಗೆರೆಗಳನ್ನು ಅಳಿಸಲು ಅವಸರ ಬೇಡ. ಫೆಬ್ರವರಿಯಲ್ಲಿ ಮೇಲಿನ ಕೆಲಸ ಮುಗಿಸಿ, ಒಳಗೆ ಬಣ್ಣ ಬಳಿಯದೆ ಒಂದು ಮಳೆಗಾಲ ಬಿಡಬೇಕು. ಹಿಂದಿನ ವರ್ಷದ ಪುಷ್ಯದ ಗೆರೆಯ ಹೊರಗೆ ಈ ವರ್ಷದ ಆಶ್ಲೇಷ ಮುಗಿದರೂ ಹೊಸ ಒದ್ದೆ ಕಾಣದಿದ್ದರೆ, ಒಳಗೂ ಎಲ್ಲಿಯೂ ಕೈಗೆ ತೇವ ತಗುಲದಿದ್ದರೆ, ಜನವರಿಯಲ್ಲಿ ಪ್ರೈಮರ್ ಡಬ್ಬ ತರಬಹುದು.